ಶಾಲು, ಹಾರ, ಹಣ್ಣಿನ ಬುಟ್ಟಿ... ಆಮೇಲೆ?

ನಮ್ಮ ಹೈಸ್ಕೂಲಿನ ಹಿಸ್ಟರಿ ಮೇಷ್ಟ್ರು ಈ ವರ್ಷ ರಿಟೈರ್ ಆಗ್ತಿದ್ದಾರೆ. ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಸನ್ಮಾನದ್ದೇ ಮಾತು: ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೊಂದು ಉಂಗುರ. ನಾನೂ ಇಲ್ಲಿಂದಲೇ ದುಡ್ಡು ಕಳಿಸಿದೆ. ಆದರೆ ಇಷ್ಟಕ್ಕೇ ಋಣ ತೀರಿತಾ?

ಒಂದು ತಪ್ಪು ಒಪ್ಪಿಕೊಳ್ಳಬೇಕು. ಹತ್ತನೇ ಕ್ಲಾಸಿನಲ್ಲಿ ಹಿಸ್ಟರಿ ಪೀರಿಯಡ್ಡನ್ನು ಮ್ಯಾತ್ಸ್‌ಗೆ ಬಿಟ್ಟುಕೊಡಿ ಸಾರ್ ಅಂತ ಕೇಳಲು ಹೋದವರಲ್ಲಿ ನಾನೇ ಮುಂದಿದ್ದೆ. ಮೇಷ್ಟ್ರು ಬೇಜಾರು ತೋರಿಸಲಿಲ್ಲ. "ಆಯ್ತು ತಗೊಳ್ರೋ. ಶನಿವಾರ ಸ್ಕೂಲ್ ಬಿಟ್ಟ ಮೇಲೆ ಒಂದು ಗಂಟೆ ನನಗೆ ಕೊಡಿ" ಅಂದರು.

ಆ ಶನಿವಾರ ನಮ್ಮನ್ನು ಕೆರೆ ಏರಿಗೆ ಕರೆದುಕೊಂಡು ಹೋದರು. ನಾವು ದಿನಾ ನೋಡುತ್ತಿದ್ದ, ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ನಮ್ಮಿಂದಲೇ ತೊಳೆಸಿದರು. ಅದು ವೀರಗಲ್ಲು! ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಪಕ್ಕದಲ್ಲಿ ಸೂರ್ಯ ಚಂದ್ರ. ಊರಿನ ದನ ಕಾಯಲು ಹೋಗಿ ಸತ್ತವರಿಗೂ ನಮ್ಮ ನಾಡಿನಲ್ಲಿ ಇಂಥ ಕಲ್ಲು ನಿಲ್ಲಿಸಿದ್ದಾರೆ ಅಂದರು. ಹಿಸ್ಟರಿ ಅಂದ್ರೆ ರಾಜರ ಇಸವಿ ಅಂದುಕೊಂಡಿದ್ದ ನನಗೆ ಅದು ಹೊಸದು. ಬಿ.ಎಲ್. ರೈಸ್ ಬಗ್ಗೆ ಹೇಳಿದ್ದೂ ಅವತ್ತೇ. ಬೆಂಗಳೂರಿನಲ್ಲೇ ಹುಟ್ಟಿದ ರೈಸ್, ಊರೂರು ಸುತ್ತಿ ಸಾವಿರಾರು ಶಾಸನಗಳನ್ನು ಕಲೆಹಾಕಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಂದರು. "ಅವರೂ ಮೊದಲು ಸ್ಕೂಲ್ ಮೇಷ್ಟ್ರೇ ಕಣ್ರೋ" ಅನ್ನುವಾಗ ನಮ್ಮ ಮೇಷ್ಟ್ರ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು.

ಇಂಥವರಿಗೆ ನಾವು ಕೊಟ್ಟ ಬೆಲೆ ಏನು? ಹಿಸ್ಟರಿ ಓದಿದರೆ ಕೆಲಸ ಸಿಗಲ್ಲ, ಎಲ್ಲಾ ಬಾಯಿಪಾಠ ಅಂದೆವು. ಪರದೇಶಕ್ಕೆ ಬಂದ ಮೇಲೆ ಮಾತ್ರ ರಾಜ್ಯೋತ್ಸವದ ವೇದಿಕೆಯಲ್ಲಿ ನಮ್ಮ ಇತಿಹಾಸ, ನಮ್ಮ ಪರಂಪರೆ ಅನ್ನುತ್ತೇವೆ. ಇತಿಹಾಸದ ಹೆಸರಿನಲ್ಲಿ ಬರುವ ಫಾರ್ವರ್ಡ್ ಮೆಸೇಜನ್ನು ಕಣ್ಣು ಮುಚ್ಚಿ ಮುಂದೆ ತಳ್ಳುತ್ತೇವೆ. ಮೇಷ್ಟ್ರು ಕಲಿಸಿದ್ದು ಇದಲ್ಲ. "ಎಲ್ಲಿ ಬರೆದಿದೆ? ಯಾರು ಬರೆದದ್ದು? ಯಾವಾಗ?" ಅಂತ ಕೇಳದೆ ಅವರು ಯಾವ ಮಾತನ್ನೂ ಒಪ್ಪುತ್ತಿರಲಿಲ್ಲ. ಇವತ್ತು ನನ್ನ ರಿಸರ್ಚ್‌ನಲ್ಲೂ ಅವೇ ಪ್ರಶ್ನೆಗಳು ಕೆಲಸಕ್ಕೆ ಬರುತ್ತಿವೆ.

ಶಾಲು ಹಾರ ಬೇಡ ಅನ್ನುತ್ತಿಲ್ಲ. ಅದು ಒಂದು ಸಂಜೆಯ ಮರ್ಯಾದೆ. ಮೇಷ್ಟ್ರ ಕೆಲಸ ಮುಂದುವರಿದರೆ ಅದು ನಿಜವಾದ ಗೌರವ. ಉಂಗುರದ ದುಡ್ಡಿನಲ್ಲಿ ಊರವರನ್ನೂ ಕೇಳಿಕೊಂಡು ಆ ವೀರಗಲ್ಲಿಗೆ ಒಂದು ಕಟ್ಟೆ ಕಟ್ಟಿಸೋಣ, ಒಗೆಯಲು ಬೇರೆ ಕಲ್ಲು ಹಾಕಿಸೋಣ ಅಂತ ಗ್ರೂಪಿನಲ್ಲಿ ಹಾಕಿದ್ದೇನೆ. ಇಬ್ಬರು ಸರಿ ಅಂದಿದ್ದಾರೆ, ಒಬ್ಬ ನಕ್ಕಿದ್ದಾನೆ.

ನಮ್ಮ ಸಂಘದ ಗೆಳೆಯರಿಗೂ ಒಂದು ಮಾತು. ಈ ಸೆಪ್ಟೆಂಬರ್ 5ಕ್ಕೆ ಗುರುಬ್ರಹ್ಮ ಸ್ಟೇಟಸ್ ಹಾಕುವ ಬದಲು ನಿಮ್ಮ ಒಬ್ಬ ಮೇಷ್ಟ್ರಿಗೋ ಟೀಚರ್‌ಗೋ ಫೋನ್ ಮಾಡಿ. ಚೆನ್ನಾಗಿದ್ದೀರಾ ಅಂತಷ್ಟೇ ಕೇಳಿ ಇಡಬೇಡಿ. ಅವರು ಕಲಿಸಿದ ಯಾವ ಪಾಠ ಇನ್ನೂ ನಿಮ್ಮ ಜೊತೆಗಿದೆ ಅಂತ ಹೇಳಿ. ನಾನು ಮೊದಲು ಆ ಪೀರಿಯಡ್ಡಿನ ಬಗ್ಗೆ ಕ್ಷಮೆ ಕೇಳಬೇಕು.