ಕುದುರೆಗೆ ವಂಶಾವಳಿ ಇದೆ, ಕಾರಿಗೆ ಯಾಕಿಲ್ಲ?

ನಮ್ಮ ಅಮೃತೂರು ಕಡೆಯವರಿಗೆ ರೇಸ್ ಅಂದ್ರೆ ಮೊದಲು ನೆನಪಾಗೋದು ಕುಣಿಗಲ್ ಸ್ಟಡ್ ಫಾರಂ. ರೇಸಿಗೆ ಇಳಿಯೋ ಕುದುರೆಯ ಅಪ್ಪ ಯಾವುದು, ಅಮ್ಮ ಯಾವುದು, ಪಳಗಿಸಿದ್ದು ಯಾರು ಅನ್ನೋದೆಲ್ಲ ದಾಖಲೆಯಲ್ಲಿರುತ್ತೆ. ಆದರೆ ನಮ್ಮವರು ಕೈಯಾರೆ ಕಟ್ಟಿದ ರೇಸ್ ಕಾರುಗಳ ಜಾತಕ ಎಲ್ಲಿದೆ?

ಈಗಿನ ಟ್ರ್ಯಾಕುಗಳು ಬರುವ ಮುಂಚೆ ದಕ್ಷಿಣ ಭಾರತದಲ್ಲಿ ಕಾರ್ ರೇಸ್ ಅಂದ್ರೆ ಮದರಾಸಿನ ಹತ್ತಿರದ ಶೋಲಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಮೇಲೆ ರೇಸ್ ನಡೀತಿತ್ತು. ಬೆಂಗಳೂರು, ಕೊಯಮತ್ತೂರು, ಕಲ್ಕತ್ತಾದಿಂದೆಲ್ಲ ರೇಸರ್‌ಗಳು ಬರ್ತಿದ್ರು. ಹೊರದೇಶದ ಕಾರು, ಪಾರ್ಟು ತರಿಸೋದೇ ಕಷ್ಟ ಇದ್ದ ಕಾಲ ಅದು. ಹಾಗಾಗಿ ಮನೆಮಂದಿ ಓಡಾಡುವ 1089 ಸಿಸಿ ಫಿಯೆಟ್‌ನಂಥ ಕಾರನ್ನೇ ಬಿಚ್ಚಿ, ಸೀಟು ಕಿತ್ತು ತೂಕ ಇಳಿಸಿ, ಸಿಲಿಂಡರ್ ಹೆಡ್ ಉಜ್ಜಿಸಿ ಕಂಪ್ರೆಷನ್ ಏರಿಸಿ ಓಡಿಸಬೇಕಿತ್ತು. ಮುಂದೆ ಕೊಯಮತ್ತೂರಿನ ಎಸ್. ಕರಿವರ್ಧನ್, ಮಾರುತಿ 800ರ 796 ಸಿಸಿ ಎಂಜಿನ್ ಕೂರಿಸಿ ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಟ್ಟಿದರು. ಎಫ್1ಗೆ ಹೋದ ನಾರಾಯಣ್ ಕಾರ್ತಿಕೇಯನ್ ರೇಸ್ ಶುರು ಮಾಡಿದ್ದು ಅದರಲ್ಲೇ.

ಕರಿವರ್ಧನ್ ಹೆಸರಲ್ಲಿ ಇವತ್ತು ಒಂದು ಟ್ರ್ಯಾಕ್ ಇದೆ. ಆದರೆ ಹೆಡ್ ಉಜ್ಜಿದವರು, ಎಕ್ಸಾಸ್ಟ್ ಬಗ್ಗಿಸಿದವರು, ರಾತ್ರಿಯಿಡೀ ವೆಲ್ಡಿಂಗ್ ಮಾಡಿದವರು ಯಾರು?

ಅಮೆರಿಕದ ಸ್ಟಾಕ್ ಕಾರ್ ರೇಸ್ ನೋಡಿ. 1949ರಲ್ಲಿ ಶಾರ್ಲೆಟ್‌ನಲ್ಲಿ ನಾಸ್ಕಾರ್‌ನ ಮೊದಲ 'ಸ್ಟ್ರಿಕ್ಟ್ಲಿ ಸ್ಟಾಕ್' ರೇಸ್ ನಡೀತು. ಮೊದಲು ಗೆರೆ ದಾಟಿದ ಗ್ಲೆನ್ ಡನವೇಯನ್ನು ಅನರ್ಹ ಮಾಡಿದ್ರು. ಕಾರಣ, ಕಾರಿನ ಹಿಂದಿನ ಸ್ಪ್ರಿಂಗ್‌ಗಳನ್ನ ಬದಲಾಯಿಸಿದ್ದರು. ಅಲ್ಲಿ ಕಳ್ಳಭಟ್ಟಿ ಸಾಗಿಸುವವರು ಮಾಡ್ತಿದ್ದ ಕೆಲಸ ಅದು. 75 ವರ್ಷ ದಾಟಿದ ಮೇಲೂ ಸ್ಪ್ರಿಂಗ್ ಕಥೆ ನಮಗೆ ಗೊತ್ತು, ಯಾಕಂದ್ರೆ ಯಾರೋ ಬರೆದಿಟ್ರು.

ನಾವು ಬರೀತೀವಾ? ಬಾಹಾಗೋ ಫಾರ್ಮುಲಾ ಸ್ಟೂಡೆಂಟ್‌ಗೋ ಕಾರು ಕಟ್ಟಿದಾಗ ರಿಪೋರ್ಟಿನಲ್ಲಿ ಸಾಫ್ಟ್‌ವೇರ್ ಹೆಸರು, ವರ್ಷನ್ ಸಮೇತ ಇರುತ್ತೆ. ರೋಲ್ ಕೇಜ್ ಬೆಸೆದ ಅಣ್ಣನ ಹೆಸರು ಇರಲ್ಲ. ಯಾವ ಬ್ರಾಕೆಟ್ ಎರಡು ಸಲ ಮುರಿಯಿತು, ಮೂರನೇ ಸಲ ಹೇಗೆ ನಿಂತಿತು ಅನ್ನೋದೂ ಇರಲ್ಲ. ಸೀನಿಯರ್ಸ್ ಪಾಸಾಗಿ ಹೋದ್ಮೇಲೆ ಜೂನಿಯರ್ಸ್ ಅದೇ ಬ್ರಾಕೆಟ್‌ನ ಮತ್ತೆ ಮುರೀತಾರೆ.

ಇವಿ ಕಾಲದಲ್ಲಿ ಕಾರ್ಬುರೇಟರ್ ಪುರಾಣ ಯಾಕೆ ಅಂತ ಕೇಳಬಹುದು. ನಾವು ಕೇಳ್ತಿರೋದು ಕಾರ್ಬುರೇಟರನ್ನಲ್ಲ. ಸಿಗದ ಪಾರ್ಟಿಗೆ ಬದಲು ಏನು ಮಾಡಬಹುದು, ಎಲ್ಲಿ ತೂಕ ಕಡಿಮೆ ಮಾಡಿದ್ರೆ ಅಪಾಯ ಇಲ್ಲ ಅಂತ ಅವರು ಹೇಗೆ ತೀರ್ಮಾನಿಸ್ತಿದ್ರು ಅನ್ನೋದನ್ನ. ಬ್ಯಾಟರಿ ಕಾರಿಗೂ ಇದೇ ಪ್ರಶ್ನೆ.

ನಮ್ಮ ಅಭಿಪ್ರಾಯ ಇಷ್ಟೇ. ಪ್ರತಿ ತಂಡ ಕಾರಿನ ಜೊತೆ ಕನ್ನಡದಲ್ಲೊಂದು ನೋಟ್‌ಬುಕ್ ಇಡಲಿ, ಕೆಲಸ ಮಾಡಿದ ಪ್ರತಿಯೊಬ್ಬರ ಹೆಸರು, ಮುರಿದ ಪ್ರತಿ ಭಾಗದ ಕಥೆ ಅದರಲ್ಲಿರಲಿ. ಇಂಗ್ಲಿಷ್ ರಿಪೋರ್ಟ್ ಜಡ್ಜ್‌ಗಳಿಗೆ, ಇದು ನಮಗೆ ಮತ್ತು ಲೇತ್ ಮೇಷ್ಟ್ರಿಗೆ. ಎರಡನೆಯದು, ಈ ರಜೆಯಲ್ಲಿ ಅಮೃತೂರು, ಕುಣಿಗಲ್, ಗುಬ್ಬಿಯ ಹಳೇ ಗ್ಯಾರೇಜುಗಳಿಗೆ ಹೋಗೋಣ. ಅಲ್ಲಿನ ಮೆಕ್ಯಾನಿಕ್‌ಗಳೆಲ್ಲ ರೇಸ್ ಕಾರು ಮುಟ್ಟಿರಲಿಕ್ಕಿಲ್ಲ. ಆದರೆ ಸದ್ದು ಕೇಳಿಯೇ ಪದ್ಮಿನಿ ಎಂಜಿನ್ ಟ್ಯೂನ್ ಮಾಡಿದವರಿಗೆ ಈಗ ವಯಸ್ಸಾಗಿದೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದ್ರೆ ಬರಹಕ್ಕೆ ಇಳಿಸುವ ಕೆಲಸ ಕನ್ನಡ ಸಂಘದ್ದು.