ಕನ್ನಡಿಯ ಮೇಲೇಕೆ ಕೋಪ?

ಫುಟ್‌ಬಾಲಿಗೆ ವೀಡಿಯೊ ಬೇಡ, ರೆಫರಿಯ ಕಣ್ಣೇ ಸಾಕು ಎನ್ನುವ ಮಹನೀಯರು ಇನ್ನೂ ಇದ್ದಾರೆ. ಅವರು 2010ರ ಜೂನ್ 27ನ್ನು ನೆನೆಯಲಿ. ಜೋಹಾನ್ಸ್‌ಬರ್ಗಿನ ವಿಶ್ವಕಪ್ ಪಂದ್ಯದಲ್ಲಿ ಮೆಕ್ಸಿಕೋ ವಿರುದ್ಧ ಅರ್ಜೆಂಟೀನದ ಟೆವೆಜ್ ಗೋಲು ಹೊಡೆದಾಗ ಸ್ಪಷ್ಟವಾಗಿ ಆಫ್‌ಸೈಡಿನಲ್ಲಿದ್ದ. ಕ್ರೀಡಾಂಗಣದ ದೊಡ್ಡ ತೆರೆ ಅದನ್ನು ಮತ್ತೆ ತೋರಿಸಿತು. ಜನ ಕಂಡರು, ಆಟಗಾರರು ಕಂಡರು. ಆದರೆ ತೆರೆ ನೋಡಿ ತೀರ್ಪು ತಿದ್ದುವ ಅಧಿಕಾರ ರೆಫರಿಗಿರಲಿಲ್ಲ. ಗೋಲು ಉಳಿಯಿತು, ಮೆಕ್ಸಿಕೋ 3–1ರಿಂದ ಸೋತಿತು.

ಮರುದಿನ ಫೀಫಾ ಹೇಳಿದ್ದೇನು? ಆ ದೃಶ್ಯವನ್ನು ಮೈದಾನದಲ್ಲಿ ತೋರಿಸಿದ್ದೇ ತಪ್ಪಂತೆ! ಮೂಗು ಡೊಂಕೆಂದು ಕನ್ನಡಿ ಒಡೆಯುವ ನ್ಯಾಯವಿದು.

ಮನೆಯಲ್ಲಿ ಕುಳಿತ ಮಗುವಿಗೂ ಕಂಡ ಸತ್ಯ ವಿಶ್ವಕಪ್ಪಿನ ರೆಫರಿಗೆ ಕಾಣಲು 2018 ಬರಬೇಕಾಯಿತು. ಈಗ ಪರಿಶೀಲನೆಗೆ ಹೊತ್ತು ಹಿಡಿಯುತ್ತದೆ, ಆಟದ ಓಟ ಕೆಡುತ್ತದೆ ಎಂಬ ದೂರು. ದೂರು ನಿಜವೇ. ಹಾಗಾದರೆ ವಿಳಂಬವನ್ನು ತಿದ್ದಿ, ಕಣ್ಣನ್ನೇ ಕೀಳಬೇಡಿ.