10 ಮೀಟರ್‌ಗೆ ಎಂಥ ಸ್ಕೋಪ್?

“ಮಗಾ, 3-9 ಇಂಟು 40 ಸ್ಕೋಪ್ ಆಫರ್‌ನಲ್ಲಿದೆ. ಏರ್ ರೈಫಲ್‌ಗೆ ತಗೊಳ್ಲಾ?” ಬಸವೇಶ್ವರನಗರದ ಗೆಳೆಯನ ಮೆಸೇಜು. ಎಷ್ಟು ದೂರಕ್ಕೆ ಹೊಡೀತೀಯಾ ಅಂದೆ. “ಕ್ಲಬ್‌ನಲ್ಲಿ, 10 ಮೀಟರ್.”

ವಿಷಯ ಇರೋದೇ ಅಲ್ಲಿ. 3-9 ಅಂದ್ರೆ ಗುರಿಯನ್ನು ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುತ್ತೆ. 40 ಅಂದ್ರೆ ಮುಂದಿನ ಲೆನ್ಸ್‌ನ ಅಗಲ, ಮಿಲಿಮೀಟರ್‌ನಲ್ಲಿ. ಆದರೆ ಅಗ್ಗದ ಸ್ಕೋಪ್‌ಗಳಲ್ಲಿ ಬಹಳಷ್ಟು 100 ಗಜಕ್ಕೆ ಹೊಂದಿಸಿ ಬಂದಿರುತ್ತವೆ. 10 ಮೀಟರ್‌ನಲ್ಲಿ ಗುರಿ ಮಸುಕು. ಕಣ್ಣು ಚೂರು ಆಚೀಚೆ ಆದ್ರೂ ಕ್ರಾಸ್‌ಹೇರ್ ಜಾರಿದ ಹಾಗೆ ಕಾಣುತ್ತೆ. ಹಾಗಾಗಿ ಎಷ್ಟು ಪಟ್ಟು ಅನ್ನೋದು ಆಮೇಲಿನ ಮಾತು. 10 ಗಜದವರೆಗೂ ಫೋಕಸ್ ಇಳಿಸಬಹುದಾದ ‘ಎಒ’ ಸ್ಕೋಪಾ ಅಂತ ಮೊದಲು ನೋಡಿ.

ಸ್ಪ್ರಿಂಗ್ ರೈಫಲ್ ಆದ್ರೆ ಏರ್‌ಗನ್‌ಗೆಂದೇ ಮಾಡಿದ್ದು ಬೇಕು. ಅದು ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಒದೆಯುತ್ತೆ. ಮಾಮೂಲಿ ಸ್ಕೋಪ್ ತಾಳಲ್ಲ. ಮೌಂಟ್ ಕೂಡ ರೈಫಲ್ ಮೇಲಿನ ಹಳಿಗೆ, ಸಾಮಾನ್ಯವಾಗಿ 11 ಎಂಎಂ ಡವ್‌ಟೇಲ್‌ಗೆ, ಕೂರಬೇಕು.

ಸ್ಪರ್ಧೆಗೆ ಇಳಿಯೋ ಆಸೆ ಇದ್ಯಾ? ಹಾಗಾದ್ರೆ ಸ್ಕೋಪ್ ದುಡ್ಡು ಉಳಿಸಿ ಪೀಪ್ ಸೈಟ್‌ಗೆ ಹಾಕಿ. 10 ಮೀಟರ್ ಒಲಿಂಪಿಕ್ ಏರ್ ರೈಫಲ್‌ನಲ್ಲಿ ಟೆಲಿಸ್ಕೋಪ್‌ಗೆ ಅವಕಾಶವೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಆ ಪುಟ್ಟ ತೂತಿನಲ್ಲಿ ನೋಡಿಯೇ. ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್!